ಮಿಷಿಗನ್‌ನಲ್ಲಿ ರಜೆ: ಮರಳುದಿಬ್ಬವೋ, ದ್ವೀಪವೋ, ಬಣ್ಣದ ಬಂಡೆಯೋ?

ಡೆಟ್ರಾಯಿಟ್‌ನಿಂದ ಸ್ಲೀಪಿಂಗ್ ಬೇರ್ ಮರಳುದಿಬ್ಬಕ್ಕೂ ಮ್ಯಾಕಿನಾ ದ್ವೀಪದ ದೋಣಿಕಟ್ಟೆಗೂ ಕಾರಿನಲ್ಲಿ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ. ಬಣ್ಣದ ಬಂಡೆಗಳ ಪಿಕ್ಚರ್ಡ್ ರಾಕ್ಸ್ ಇನ್ನೂ ದೂರ. ಎರಡೇ ದಿನ ರಜೆ ಇದ್ದರೆ ಅದು ಬೇಡ.

ಖರ್ಚು ಜಾಸ್ತಿ ದ್ವೀಪದಲ್ಲೇ. ದೋಣಿ, ಬಾಡಿಗೆ ಸೈಕಲ್, ದುಬಾರಿ ರೂಮು. ಆದರೆ 1898ರಿಂದ ಅಲ್ಲಿ ಕಾರಿಗೆ ನಿಷೇಧ. ಬರೀ ಗೊರಸಿನ ಸದ್ದು! ಮಂಡಿನೋವಿನ ಅಮ್ಮನ ಜೊತೆ ಹೋದರೆ ಕುದುರೆಗಾಡಿ ಹತ್ತಿಸಿ, ಸುಮ್ನೆ ಕೂತು ನೋಡಲಿ.

ಚಿಕ್ಕ ಮಕ್ಕಳಿದ್ದರೆ ಮರಳುದಿಬ್ಬವೇ ಸರಿ. ಹತ್ತುವಾಗ ಕಾಲು ಹೂತುಹೋಗುತ್ತದೆ, ಇಳಿಯುವಾಗ ಓಟ. ಜುಲೈ ಆದರೆ ಪಕ್ಕದ ಟ್ರಾವರ್ಸ್ ಸಿಟಿಯಲ್ಲಿ ಚೆರ್ರಿ ಹಣ್ಣಿನ ಕಾಲ.

ನಾಲ್ಕು ದಿನ ಇದ್ದರೆ ಮಾತ್ರ ಪಿಕ್ಚರ್ಡ್ ರಾಕ್ಸ್. ಮ್ಯೂನಿಸಿಂಗ್ ಊರಿನಿಂದ ದೋಣಿ ಹತ್ತಿ. ಕಬ್ಬಿಣದಂಶದ ಕೆಂಪು, ತಾಮ್ರದ ಹಸಿರು ಬಂಡೆಯ ಮೇಲೆ ಸೋರಿ ಇಳಿದಿರುತ್ತದೆ. ನಡೆಯುವ ಹುಮ್ಮಸ್ಸಿರುವವರಿಗೆ ಇದೇ ಜಾಗ.