ಹಾರ್ಡ್‌ಟೇಲಾ, ಫುಲ್ ಸಸ್ಪೆನ್ಷನ್ನಾ? ಮಳೆಗಾಲದ ಕಾಡಿಗಾದ್ರೆ ದುಡ್ಡು ಮೊದ್ಲು ಟೈರಿಗೆ ಹಾಕಿ

ಬೆಂಗಳೂರಲ್ಲಿ ಎಂಟಿಬಿ, ಅಂದ್ರೆ ಕಾಡು ಗುಡ್ಡದಲ್ಲಿ ಓಡ್ಸೋ ಮೌಂಟನ್ ಬೈಕ್ ಸೈಕಲ್, ತಗೊಳ್ಳೋರೆಲ್ಲ ಮೊದ್ಲು ಕೇಳೋದು ಇದನ್ನೇ, ಮುಂದೆ ಮಾತ್ರ ಶಾಕ್ ಇರೋ ಹಾರ್ಡ್‌ಟೇಲ್ ಸಾಕಾ, ಇಲ್ಲಾ ಹಿಂದೇನೂ ಇರೋ ಫುಲ್ ಸಸ್ಪೆನ್ಷನ್ನೇ ಬೇಕಾ ಅಂತ. ನನ್ನದು ಅಲ್ಯೂಮಿನಿಯಂ ಹಾರ್ಡ್‌ಟೇಲ್, 29 ಇಂಚಿನ ಚಕ್ರ, ಮುಂದೆ 120 ಮಿ.ಮೀ. ಕುಗ್ಗೋ ಶಾಕ್ ಫೋರ್ಕು. ಫ್ರೆಂಡ್‌ದು ಅದರ ಮೂರು ಪಟ್ಟು ಬೆಲೆಯ ಫುಲ್ ಸಸ್ಪೆನ್ಷನ್, ಚಕ್ರ ಅದೂ 29. ಇವೆರಡನ್ನೂ ಅದಲು ಬದಲು ಮಾಡ್ಕೊಂಡು ಬೆಂಗಳೂರಿನ ಅಂಚಿನ ತುರಹಳ್ಳಿ, ಅವಲಹಳ್ಳಿ ಕಾಡಿನ ಕಡೆ ಓಡ್ಸಿದೀವಿ, ಸಕಲೇಶಪುರದ ಹತ್ರ ಪರಿಚಯದವರ ಕಾಫಿ ತೋಟದಲ್ಲಿ ಜುಲೈ ಮಳೇಲೂ ಓಡ್ಸಿದೀವಿ, ಅದಕ್ಕೇ ಇಷ್ಟು ಬರೀತಿರೋದು.

ಮೊದ್ಲು ನೆಲದ ವಿಷಯ. ನಮ್ಮೂರ ಸುತ್ತ ಇರೋದು ಗಟ್ಟಿ ಬಂಡೆ, ಅದರ ಮೇಲೆ ಉದುರು ಮಣ್ಣು ಸಣ್ಣ ಕಲ್ಲು, ಪಕ್ಕದಲ್ಲಿ ಲಂಟಾನ, ಜಾಲಿ ಮುಳ್ಳು. ಬೆಂಗಳೂರಿಗೆ ವರ್ಷವಿಡೀ ಬೀಳೋದು ಸುಮಾರು 900ರಿಂದ 1000 ಮಿ.ಮೀ. ಮಳೆ, ಘಟ್ಟದ ಕಡೆ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯೋ ಜಾಗ ಇದಾವೆ. ಅಲ್ಲಿ ಕೆಂಪು ಜೇಡಿ, ಪಾಚಿ ಹಿಡಿದ ಕಲ್ಲು, ದಾರಿಗೆ ಅಡ್ಡಡ್ಡ ಬಂದಿರೋ ಬೇರು, ಎಲ್ಲದರ ಮೇಲೆ ಸಿಲ್ವರ್ ಓಕ್ ಎಲೆ ಹಾಸ್ಕೊಂಡು ಕೆಳಗೆ ಏನಿದೆ ಅಂತಾನೇ ಕಾಣಲ್ಲ. ಇಂಬಳದ ಕಥೆ ಬೇರೆ, ಅದಕ್ಕೆ ಹಾರ್ಡ್‌ಟೇಲ್ ಫುಲ್ ಸಸ್ಪೆನ್ಷನ್ ಅನ್ನೋ ಭೇದ ಇಲ್ಲ, ನಿಂತ್ರೆ ಹತ್ತುತ್ತೆ.

ತುರಹಳ್ಳಿ ಬಂಡೆ ಇಳಿಯೋವಾಗ ಫುಲ್ ಸಸ್ಪೆನ್ಷನ್ ಗೆದ್ದಂಗೇ, ಅದ್ರಲ್ಲಿ ವಾದ ಇಲ್ಲ. ಹಾರ್ಡ್‌ಟೇಲಲ್ಲಿ ಮೊಣಕಾಲೇ ಶಾಕ್ ಅಬ್ಸಾರ್ಬರು, ಪೆಡಲ್ ಮೇಲೆ ನಿಂತ್ಕೊಂಡೇ ಇಳೀಬೇಕು, ಸ್ವಲ್ಪ ಹೊತ್ತಿಗೆ ತೊಡೆ ಉರಿಯುತ್ತೆ. ಆದ್ರೆ ತೋಟದ ಕೆಸರಲ್ಲಿ ಈ ಅಂತರ ಕಮ್ಮಿ ಆಗೋಯ್ತು, ಯಾಕಂದ್ರೆ ಅಲ್ಲಿ ಸ್ಪೀಡೇ ಇರಲ್ಲ, ಚಕ್ರ ಜಾರದೇ ಇರೋದೇ ದೊಡ್ಡದು. ಒಂದು ಮಾತ್ರ ಒಪ್ಕೋಬೇಕು, ಒದ್ದೆ ಬೇರು ಇರೋ ಏರಲ್ಲಿ ಫುಲ್ ಸಸ್ಪೆನ್ಷನ್‌ದು ಹಿಂದಿನ ಚಕ್ರ ನೆಲಕ್ಕೆ ಅಂಟ್ಕೊಂಡೇ ಬರುತ್ತೆ, ನಂದು ಬೇರಿಗೆ ತಾಗಿ ಪುಟಿದು ಗಿರ್ರಂತ ಸುತ್ತುತ್ತೆ. ಅದಕ್ಕೆ ಎದುರಾಗಿ ಏನಪ್ಪಾ ಅಂದ್ರೆ ಫುಲ್ ಸಸ್ಪೆನ್ಷನ್‌ದು ತೂಕ ಎರಡು ಮೂರು ಕೆ.ಜಿ. ಜಾಸ್ತಿ, ತಳ್ಕೊಂಡು ಹತ್ತೋ ಜಾಗದಲ್ಲಿ ಅದು ಚೆನ್ನಾಗೇ ಗೊತ್ತಾಗುತ್ತೆ, ಜೊತೆಗೆ ಹಿಂದಿನ ಚಕ್ರಕ್ಕೂ ಫ್ರೇಮಿಗೂ ಮಧ್ಯೆ ಕೆಸರು ರಾಗಿ ಮುದ್ದೆ ಥರ ಕಚ್ಕೊಂಡು ಚಕ್ರ ತಿರುಗೋದೇ ನಿಂತೋಗುತ್ತೆ, ಕಡ್ಡಿ ತಗೊಂಡು ಕೆದಕ್ತಾ ಕೂತ್ಕೋಬೇಕು. ಮನೆಗೆ ಬಂದ್ಮೇಲೆ ಹಿಂದಿನ ಶಾಕ್ ಜೊತೆ ಫ್ರೇಮ್ ಮಡಚೋ ಕೀಲುಗಳಲ್ಲಿರೋ ಪಿವಟ್ ಬೇರಿಂಗ್‌ಗಳ ಸುತ್ತ ಕ್ಲೀನ್ ಮಾಡೋದು ಒಂದು ಭಾನುವಾರದ ಕೆಲಸ, ಪ್ರೆಶರ್ ವಾಶರ್ ಹಿಡಿದ್ರಂತೂ ನೀರು ಬೇರಿಂಗ್ ಒಳಕ್ಕೇ ಹೋಗುತ್ತೆ.

ಈಗ ಟೈರು. ಫ್ರೆಂಡ್ ಸೈಕಲ್ ಜೊತೆ ಬಂದಿದ್ದು ಗುಂಡಿ (ಟೈರ್ ಮೇಲೆ ಉಬ್ಬಿರೋ ರಬ್ಬರ್ ತುಂಡು) ಚಿಕ್ಕದಾಗಿ ಹತ್ರ ಹತ್ರ ಇರೋ ಟೈರು, ಒಣ ನೆಲದಲ್ಲಿ ಸಖತ್ ಓಡುತ್ತೆ. ನಾನು ಹಾಕ್ಸಿದ್ದು 2.35 ಇಂಚು ಅಗಲದ, ಗುಂಡಿ ಎತ್ತರವಾಗಿ ದೂರ ದೂರ ಇರೋ, ಮೆತ್ತನೆ ರಬ್ಬರ್‌ದು, ಟ್ಯೂಬ್‌ಲೆಸ್. ತೋಟದಲ್ಲಿ ಅವನು ಫುಲ್ ಸಸ್ಪೆನ್ಷನಲ್ಲೇ ತಿರುವಿಗೊಂದು ಸಲ ಕಾಲು ಕೆಳಗಿಡ್ತಿದ್ದ, ನಾನು ಹಾರ್ಡ್‌ಟೇಲಲ್ಲಿ ಹೆಂಗೋ ಹೋಗ್ತಿದ್ದೆ. ಸರಿ ಮಗಾ ಚಕ್ರಾನೇ ಬದಲಾಯ್ಸೋಣ ಅಂದ್ರೆ ಆಕ್ಸಲ್ ಅಳತೆ ಬೇರೆ, ಕೂರಲ್ಲ. ಅದಕ್ಕೇ ಟೈರ್‌ಗಳನ್ನೇ ಬಿಚ್ಚಿ ಅದಲು ಬದಲು ಮಾಡಿದ್ವಿ. ಟೈರ್ ಬದಲಾದ ಮೇಲೆ ಅವನ ಸೈಕಲ್ ನಂದಕ್ಕಿಂತ ಚೆನ್ನಾಗೇ ಹೋಯ್ತು, ಅದು ಸರಿ, ಆದ್ರೆ ಅವನ ಟೈರ್ ಹಾಕಿದ ನನ್ನ ಸೈಕಲ್ ಎರಡೇ ನಿಮಿಷಕ್ಕೆ ಗುಂಡಿಗಳ ಮಧ್ಯೆ ಕೆಸರು ಮೆತ್ಕೊಂಡು ನುಣ್ಣಗಾಗಿ ಕಾಫಿ ಗಿಡದೊಳಕ್ಕೇ ನುಗ್ತಿತ್ತು. ಸೈಕಲ್ ಬದಲಾಯ್ಸಿದಾಗ ಆದ ವ್ಯತ್ಯಾಸಕ್ಕಿಂತ ಟೈರ್ ಬದಲಾಯ್ಸಿದಾಗ ಆದ ವ್ಯತ್ಯಾಸಾನೇ ದೊಡ್ಡದು, ನನ್ನ ಇಡೀ ವಾದ ನಿಂತಿರೋದು ಇದರ ಮೇಲೆ. ಗುಂಡಿ ದೂರ ದೂರ ಇದ್ರೆ ಚಕ್ರ ತಿರುಗುವಾಗ ಕೆಸರು ತಾನಾಗೇ ಸಿಡಿದು ಹೋಗುತ್ತೆ, ಮೆತ್ತನೆ ರಬ್ಬರ್ ಒದ್ದೆ ಕಲ್ಲನ್ನ ಹಿಡ್ಕೊಳ್ಳುತ್ತೆ, ಇಷ್ಟೇ. ಹಾಗಂತ ಇದೇ ಟೈರಲ್ಲಿ ಕನಕಪುರ ರೋಡ್ ಡಾಂಬರಲ್ಲಿ ಹೋಗ್ತೀನಿ ಅಂದ್ರೆ ಅಳು ಬರುತ್ತೆ, ಎಳೆದೂ ಎಳೆದೂ ಸಾಕಾಗುತ್ತೆ, ಗುಂಡೀನೂ ಬೇಗ ಸವೆಯುತ್ತೆ.

ಟ್ಯೂಬಾ ಟ್ಯೂಬ್‌ಲೆಸ್ಸಾ ಅನ್ನೋದೂ ಇಲ್ಲೇ ಬರುತ್ತೆ. ಟ್ಯೂಬ್ ಇದ್ರೆ ಗಾಳಿ ಒತ್ತಡ 30 ಪಿಎಸ್‌ಐಗಿಂತ ಕೆಳಗೆ ಇಳ್ಸೋಕೆ ಭಯ, ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ಮಧ್ಯೆ ಸಿಕ್ಕಿ ಎರಡು ತೂತು ಬೀಳುತ್ತೆ, ಅದಕ್ಕೇ ಸ್ನೇಕ್ ಬೈಟ್ ಅನ್ನೋದು. ಟ್ಯೂಬ್‌ಲೆಸ್ಸಲ್ಲಿ ನಾನು 22ರ ಹತ್ರ ಓಡಿಸ್ತೀನಿ, ಟೈರ್ ಬೇರಿನ ಮೇಲೆ ಬಗ್ಗಿ ಕೂರುತ್ತೆ. ಜಾಲಿ ಮುಳ್ಳು ಚುಚ್ಚಿದ್ರೆ ಟೈರೊಳಗೆ ಹಾಕಿರೋ ಅಂಟು ದ್ರವ, ಸೀಲೆಂಟ್, ತಾನೇ ತೂತು ಮುಚ್ಚುತ್ತೆ. ಕಾಟ ಇಲ್ಲ ಅಂತಲ್ಲ: ಸೀಲೆಂಟ್ ನಮ್ಮ ಬೇಸಿಗೆಗೆ ಒಣಗೋಗುತ್ತೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಹಾಕ್ಬೇಕು, ಟೈರ್ ರಿಮ್ಮಿಗೆ ಕೂರೋಕೆ ಕಂಪ್ರೆಸರ್ ಗಾಳಿ ಬೇಕು, ಪೆಟ್ರೋಲ್ ಬಂಕ್ ಪೈಪು ಈ ಸೈಕಲ್‌ಗಳ ತೆಳ್ಳನೆ ಪ್ರೆಸ್ಟಾ ವಾಲ್ವಿಗೆ ಹೊಂದಲ್ಲ, ಹಿತ್ತಾಳೆ ಅಡಾಪ್ಟರ್ ಒಂದು ಜೇಬಲ್ಲಿರ್ಲಿ. ನಮ್ಮ ಏರಿಯಾ ಪಂಕ್ಚರ್ ಅಂಗಡಿ ಅಣ್ಣ ಆ ವಾಲ್ವ್ ನೋಡಿ ಇದ್ಯಾವುದು ಸಾರ್ ಅಂತ ನಗ್ತಾನೆ. ದೂರ ಹೋಗೋವಾಗ ಒಂದು ಟ್ಯೂಬನ್ನೂ ಇಟ್ಕೊಳ್ಳಿ, ಟೈರ್ ಸೈಡ್ ಹರಿದ್ರೆ ಸೀಲೆಂಟ್ ಏನೂ ಮಾಡಲ್ಲ.

ಬ್ರೇಕ್ ಬಗ್ಗೆ ಜಾಸ್ತಿ ಹೇಳಲ್ಲ. ಕೇಬಲ್ ಡಿಸ್ಕೂ ಓಡ್ಸಿದೀನಿ, ಈಗ ಇರೋದು ಕೇಬಲ್ ಬದಲು ದ್ರವದ ಒತ್ತಡದಲ್ಲಿ ಹಿಡಿಯೋ ಹೈಡ್ರಾಲಿಕ್. ಕೇಬಲ್ಲಿನ ಪೈಪೊಳಗೆ ಕೆಸರು ಹೋದ್ರೆ ಲಿವರ್ ಗಟ್ಟಿ ಆಗುತ್ತೆ, ಪ್ಯಾಡ್ ಸವೆದಂಗೆ ಕೈಯಲ್ಲೇ ಟೈಟ್ ಮಾಡ್ತಿರ್ಬೇಕು, ಹೈಡ್ರಾಲಿಕ್ ತಾನೇ ಅಡ್ಜಸ್ಟ್ ಆಗುತ್ತೆ, ಉದ್ದ ಇಳಿಜಾರಲ್ಲಿ ಒಂದೇ ಬೆರಳು ಸಾಕು. ಆದ್ರೆ ಮಳೇಲಿ ಮೆತ್ತಗಿರೋ ರೆಸಿನ್ ಬ್ರೇಕ್ ಪ್ಯಾಡ್ ಹಾಕ್ಬೇಡಿ, ಮರಳು ಕೆಸರಿಗೆ ಬೇಗ ಖಾಲಿ. ಮೆಟಲ್ ಪ್ಯಾಡ್ ಕಿರ್ರೋ ಅನ್ನುತ್ತೆ, ಬಾಳಿಕೆ ಬರುತ್ತೆ. ಕೊಳ್ಳೋ ಮುಂಚೆ ಪ್ಯಾಡ್ ಹಿಡಿಯೋ ತಟ್ಟೆ, ಅಂದ್ರೆ ರೋಟರ್ ಮೇಲೆ ಏನು ಬರೆದಿದೆ ನೋಡಿ, ಕಮ್ಮಿ ಬೆಲೆಯ ಶಿಮಾನೋ ರೋಟರ್‌ಗಳಲ್ಲಿ ‘ರೆಸಿನ್ ಪ್ಯಾಡ್ ಓನ್ಲಿ’ ಅಂತಿರುತ್ತೆ, ಅದಕ್ಕೆ ಮೆಟಲ್ ಹಾಕಿದ್ರೆ ರೋಟರ್ರೇ ಸವೆದೋಗುತ್ತೆ. ಪೆಡಲ್ ಅಂದ್ರೆ ನನ್ನ ವೋಟು ಪಿನ್ ಇರೋ ಫ್ಲಾಟಿಗೆ. ಪೆಡಲಿಗೆ ಲಾಕ್ ಆಗೋ ಕ್ಲಿಪ್ ಶೂ ಹಾಕಿದ್ದ ಫ್ರೆಂಡು ಇಳಿದು ತಳ್ಳಿದಾಗೆಲ್ಲ ಶೂ ಕೆಳಗಿನ ಕೊಂಡಿ, ಕ್ಲೀಟಲ್ಲಿ ಮಣ್ಣು ತುಂಬಿ ಮತ್ತೆ ಲಾಕೇ ಆಗ್ತಿರಲಿಲ್ಲ.

ಹಂಗಾಗಿ ನನ್ನ ಲೆಕ್ಕ ಇದು. ಅರವತ್ತು ಎಪ್ಪತ್ತು ಸಾವಿರ ಇದ್ರೆ ಹೈಡ್ರಾಲಿಕ್ ಬ್ರೇಕ್ ಇರೋ ಹಾರ್ಡ್‌ಟೇಲ್ ತಗೊಳ್ಳಿ, ಉಳಿದಿದ್ದರಲ್ಲಿ ಒಳ್ಳೆ ಟೈರು ಟ್ಯೂಬ್‌ಲೆಸ್ ಮಾಡ್ಸಿ. ಎರಡು ಲಕ್ಷದ ಹತ್ರ ಕೊಡೋಕಾಗುತ್ತೆ, ಬಂಡೆ ಇಳಿಯೋದೇ ನಿಮ್ಮ ಮುಖ್ಯ ಮಜಾ ಅನ್ನೋದಾದ್ರೆ ಫುಲ್ ಸಸ್ಪೆನ್ಷನ್ನೇ ತಗೊಳ್ಳಿ, ಆದ್ರೆ ಮಳೆಗಾಲದ ಟೈರ್ ಸೆಟ್ ಬೇರೆ ಇಟ್ಕೊಳ್ಳಿ. ಹದಿನೈದು ಸಾವಿರಕ್ಕೆ ‘ಡಬಲ್ ಶಾಕ್’ ಅಂತ ಮಾರೋ ಸೈಕಲ್ ಮಾತ್ರ ಬೇಡಪ್ಪಾ, ಕಬ್ಬಿಣದ ಭಾರ, ಹಿಂದಿನ ಸ್ಪ್ರಿಂಗು ಪೆಡಲ್ ತುಳಿದಿದ್ದನ್ನೆಲ್ಲ ತಾನೇ ನುಂಗುತ್ತೆ.

ಇನ್ನು ಯಾವ ಸೈಕಲ್ಲಾದ್ರೂ ಅಷ್ಟೆ, ರಿಸರ್ವ್ ಫಾರೆಸ್ಟಾದ್ರೆ ಅರಣ್ಯ ಇಲಾಖೆಯವರನ್ನ ಕೇಳಿ, ತೋಟ ಆದ್ರೆ ಮಾಲೀಕರನ್ನ ಕೇಳಿ ಹೋಗಿ. ಸಕಲೇಶಪುರ, ಆಲೂರು ಕಡೆ ಆನೆ ಓಡಾಟ ಇದ್ದೇ ಇದೆ, ಹಿಂದಿನ ರಾತ್ರಿ ಎಲ್ಲಿದ್ವು ಅಂತ ತೋಟದ ಕೆಲಸದವರಿಗೆ ಗೊತ್ತಿರುತ್ತೆ, ಬೆಳಿಗ್ಗೆ ಅವರನ್ನ ವಿಚಾರಿಸ್ಕೊಂಡು ಹೊರಡಿ, ನಾಲ್ಕು ಗಂಟೆಯೊಳಗೆ ವಾಪಸ್ ಬಂದ್ಬಿಡಿ.