ತೂಕ ಇಳಿಸೋವಾಗ ಹೆವಿ ಎತ್ತೋದಾ, ಲೈಟ್ ಎತ್ತಿ ಜಾಸ್ತಿ ರೆಪ್ಸ್ ಹೊಡೆಯೋದಾ?

ಜಾಸ್ತಿ ರೆಪ್ಸ್ (ಒಂದು ಸಲ ಎತ್ತಿ ಇಳಿಸಿದ್ರೆ ಒಂದು ರೆಪ್) ಹೊಡೆದ್ರೆ ಹೊಟ್ಟೆ ಕರಗುತ್ತೆ ಅಂತ ಜಿಮ್ಮಲ್ಲಿ ಎಲ್ಲರೂ ಹೇಳ್ತಾರೆ, ಆದ್ರೆ ಕೊಬ್ಬು ಇಳಿಯೋದು ಮುಖ್ಯವಾಗಿ ಊಟ ಕಮ್ಮಿ ಆದಾಗ, ವೆಯ್ಟ್ಸ್ ಕೆಲಸ ಇರೋ ಮಸಲ್ ಉಳಿಸೋದು. ಆ ಲೆಕ್ಕದಲ್ಲಿ ಹೆವಿ 5-6 ರೆಪ್ಸ್ ಆದ್ರೂ ಲೈಟ್ 15-20 ಆದ್ರೂ ಹೆಚ್ಚುಕಮ್ಮಿ ಒಂದೇ, ಸೆಟ್ (ನಿಲ್ಲಿಸದೆ ಒಂದೇ ಸಮ ಹೊಡೆಯೋ ರೆಪ್ಸ್) ಕೊನೇಲಿ ಇನ್ನೊಂದೆರಡು ಅಷ್ಟೇ ಆಗೋದು ಅನ್ನೋ ಹಂತಕ್ಕೆ ಹೋಗಿರ್ಬೇಕು. 20 ಹೊಡೆದೂ ಆರಾಮಾಗಿ ಫೋನ್ ನೋಡ್ತಾ ನಿಂತಿದ್ರೆ ಅದು ಟೈಮ್‌ಪಾಸ್.

ಶಕ್ತಿ ಕಮ್ಮಿ ಆಗ್ಬಾರ್ದು ಅನ್ನೋರಿಗೆ ಹೆವಿನೇ ಸರಿ. ಸ್ಕ್ವಾಟಲ್ಲಿ (ಭಾರ ಹೊತ್ತು ಕೂತು ಏಳೋದು) 60 ಕೆಜಿ ಎತ್ತೋರು ಡಯಟ್ ಶುರು ಮಾಡಿದ್ವಿ ಅಂತ 30ಕ್ಕೆ ಇಳೀಬೇಡಿ, ಸುಸ್ತಾದ್ರೆ 4 ಸೆಟ್ ಬದಲು 3 ಮಾಡಿ, ತೂಕ ಹಾಗೇ ಇರ್ಲಿ. ಆದ್ರೆ ಸೆಟ್ ಮಧ್ಯ 2-3 ನಿಮಿಷ ರೆಸ್ಟ್ ಬೇಕು, ಫಾರ್ಮ್ (ಎತ್ತೋ ಭಂಗಿ) ಕೆಟ್ರೆ ಸೊಂಟ ಹಿಡ್ಕೊಳ್ಳುತ್ತೆ.

ಹೊಸಬರಿಗೆ, ಭಾರ ಎತ್ತಿದ್ರೆ ಮಂಡಿ ನೋಯೋರಿಗೆ, ಮನೇಲಿ 5 ಕೆಜಿ ಡಂಬೆಲ್ ಒಂದು ಜೊತೆ ಮಾತ್ರ ಇರೋರಿಗೆ ಲೈಟೇ ವಾಸಿ. ಮಸಲ್ ಉರಿ ಮಾತ್ರ ವಿಪರೀತ, ಹಸಿದ ಹೊಟ್ಟೇಲಿ 20 ಸ್ಕ್ವಾಟ್ ಹೊಡೆದ್ರೆ ತಲೆ ತಿರುಗೋದೂ ಉಂಟು.

ನಾನಂತೂ ಸ್ಕ್ವಾಟ್, ಬೆಂಚ್ ಪ್ರೆಸ್ (ಮಲಗಿ ಎದೆ ಮೇಲಿಂದ ಭಾರ ತಳ್ಳೋದು) 6-8 ರೆಪ್ಸಲ್ಲಿ, ಬೈಸೆಪ್ಸ್ ಭುಜದಂಥ ಸಣ್ಣವು 12-15ರಲ್ಲಿ ಮಾಡ್ತೀನಿ. ಯಾವ್ದೇ ಆರಿಸ್ಕೊಳ್ಳಿ, ಮೊಟ್ಟೆ ಬೇಳೆ ಮೊಸರು ಬಿಟ್ಟು ಬರೀ ಸೌತೆಕಾಯಿ ತಿಂದ್ರೆ ಎರಡೂ ಕೈ ಕೊಡುತ್ತೆ.