ಬಾತ್‌ರೂಮ್ ನೆಲಕ್ಕೆ ಹೀಟಿಂಗ್ ಮ್ಯಾಟ್ ಹಾಕಿಸುವವರು ಇದನ್ನು ಓದಿ

ತೀರ್ಥಹಳ್ಳಿ, ಹೊಸನಗರ, ಸಾಗರ, ಯಾವ ಕಡೆಯವರೇ ಇರಲಿ, ಬಾತ್‌ರೂಮ್ ಟೈಲ್ಸ್ ಕೆಳಗೆ ಕರೆಂಟಿನ ಹೀಟಿಂಗ್ ಮ್ಯಾಟ್ (ನೆಲ ಬೆಚ್ಚಗಿಡುವ ಕೇಬಲ್ ಇರುವ ಹಾಸು) ಹಾಕಿಸುವ ಯೋಚನೆ ಇದ್ದರೆ ಒಂದು ನಿಮಿಷ ನಿಲ್ಲಿ. ನನ್ನ 42,000 ರೂಪಾಯಿ ಹೋಯಿತು. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಯುವುದು ಅದನ್ನು ಹಾಕಿಕೊಟ್ಟವರ ಉತ್ತರಕ್ಕೆ.

ಅಮ್ಮನಿಗೆ ಕೀಲುನೋವು. ಮಳೆಯಲ್ಲಿ ಹಿತ್ತಲ ಬಚ್ಚಲುಮನೆಗೆ ಹೋಗಿ ಬರುವುದು ಕಷ್ಟ ಅಂತ ಅವರ ಕೋಣೆಗೇ ಒಂದು ಬಾತ್‌ರೂಮ್ ಸೇರಿಸಿ ಕಟ್ಟಿಸಿದೆವು. ಆಷಾಢದಲ್ಲಿ ನಮ್ಮ ಕಡೆ ನೆಲ ಹೇಗಿರುತ್ತದೆ ಗೊತ್ತಲ್ವಾ. ಟೈಲ್ಸ್ ನೋಡಲು ಹೋದಾಗ ಶಿವಮೊಗ್ಗದ ಅಂಗಡಿಯವರು ಈ ಮ್ಯಾಟ್ ತೋರಿಸಿದರು. 3 ಚದರ ಮೀಟರ್, ಒಂದು ಚದರ ಮೀಟರಿಗೆ 150 ವ್ಯಾಟ್, ಒಟ್ಟು 450 ವ್ಯಾಟ್, ಗೀಸರ್ ಎಳೆಯುವುದರ ಕಾಲು ಭಾಗವೂ ಇಲ್ಲ ಅಂದರು. ಆ ಲೆಕ್ಕ ಸರಿಯೇ ಇತ್ತು, ಒಪ್ಪಿಕೊಂಡೆ.

ಹಾಕುವ ದಿನ ನಾನು ಅಡಿಕೆ ಮಂಡಿಗೆ ಹೋಗಿದ್ದೆ. ಬರುವಷ್ಟರಲ್ಲಿ ಟೈಲ್ಸ್ ಕೂರಿಸಿ ಆಗಿತ್ತು. "ಎಲ್ಲ ಚೆಕ್ ಮಾಡಿದ್ದೇವೆ ಸಾರ್" ಅಂದರು, ವಾರಂಟಿ ಕಾರ್ಡ್ ಮುಂದಿಟ್ಟರು, ನಾನು ಓದದೆ ಸಹಿ ಹಾಕಿ ಬೀರುವಿನಲ್ಲಿಟ್ಟೆ.

ಎರಡು ಗಂಟೆ ಹಾಕಿಟ್ಟರೂ ನೆಲ ಬೆಚ್ಚಗಾಗಲಿಲ್ಲ. ಫೋನ್ ಮಾಡಿದರೆ "ಮಲೆನಾಡಿನ ಥಂಡಿ ಅಲ್ವಾ ಸಾರ್, ಟೈಮ್ ಬೇಕು." ಮೂರನೇ ವಾರ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಬೀಳಲು ಶುರುವಾಯಿತು. ಎತ್ತಿದರೆ ಬೀಳುತ್ತದೆ, ಮತ್ತೆ ಎತ್ತಿದರೆ ಮತ್ತೆ ಬೀಳುತ್ತದೆ. "ನಿಮ್ಮ ಲೈನ್ ಸರಿ ಇಲ್ಲ" ಅಂದರು. ನಾಲ್ಕನೇ ಸಲ ಕೇಳಿದಾಗ ಬಂದ ಉತ್ತರ ಇದು: "ಆ ಆರ್‌ಸಿಸಿಬಿ ಬೈಪಾಸ್ ಮಾಡಿಸಿ ಸಾರ್, ಸುಮ್ನೆ ಟ್ರಿಪ್ ಆಗ್ತಿದೆ."

ಬೈಪಾಸ್! ಅಂದರೆ ಅದನ್ನು ತಪ್ಪಿಸಿ ನೇರ ಕರೆಂಟ್ ಕೊಡುವುದು. 30 ಮಿಲಿಆಂಪ್ ಸೋರಿದರೆ ಜೀವ ಉಳಿಸಲಿ ಅಂತಲೇ ಅದನ್ನು ಹಾಕಿರುವುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುವವರು ನನ್ನ ಅಮ್ಮ. ಈಗಲೂ ನೆನೆಸಿಕೊಂಡರೆ ಕೈ ನಡುಗುತ್ತದೆ.

ಆಮೇಲೆ ನಮ್ಮೂರಿನ ಎಲೆಕ್ಟ್ರಿಷಿಯನ್ ಮೆಗ್ಗರ್ (ಕರೆಂಟ್ ಸೋರಿಕೆ ನೋಡುವ ಮೀಟರ್) ಹಿಡಿದು ನೋಡಿದ. ಕೇಬಲ್ಲಿನಿಂದ ಅರ್ಥಿಂಗಿಗೆ ಕರೆಂಟ್ ಸೋರುತ್ತಿದೆ ಅಂದ, ವಾರಂಟಿ ಕಾರ್ಡ್ ತನ್ನಿ ಅಂದ. ತಂದುಕೊಟ್ಟೆ. ಅದರಲ್ಲಿ ಮೂರು ಖಾನೆ ಇವೆ. ಮ್ಯಾಟ್ ಹಾಸುವ ಮೊದಲು ಕೇಬಲ್ಲಿಗೆ ಮೀಟರ್ ಹಿಡಿದ ಒಂದು ರೀಡಿಂಗ್, ಹಾಸಿದ ಮೇಲೆ ಒಂದು, ಟೈಲ್ಸ್ ಆದ ಮೇಲೆ ಒಂದು. ಮೂರೂ ಖಾಲಿ. ಅವು ತುಂಬದಿದ್ದರೆ ವಾರಂಟಿ ಇಲ್ಲ ಅಂತ ಅಚ್ಚಾಗಿದೆ, ಅದರ ಕೆಳಗೆ ನನ್ನ ಸಹಿ. ಆ ಹುಡುಗನ ಎದುರು ತಲೆ ಎತ್ತಲು ಆಗಲಿಲ್ಲ. ಸಹಿ ಹಾಕಿಸಿಕೊಳ್ಳುವಾಗ ಆ ಖಾನೆಗಳು ಅವರಿಗೂ ಕಂಡಿರುತ್ತವೆ ಅಲ್ವಾ? ಗೊತ್ತಿದ್ದೇ ಹಾಕಿಸಿಕೊಂಡಿದ್ದಾರೆ.

ಕಮೋಡ್ ಪಕ್ಕ ಎರಡು ಟೈಲ್ ಎಬ್ಬಿಸಿದೆವು. ಕಮೋಡ್ ಕೆಳಗೆ ಮ್ಯಾಟ್ ಬರಲೇಬಾರದು, ಇವರು ಅಲ್ಲಿಯೂ ಹಾಸಿದ್ದಾರೆ. ಸ್ಕ್ರೂಗೆ ಹೊಡೆದ ಡ್ರಿಲ್ ಕೇಬಲ್ ಕವಚ ಹರಿದಿದೆ. ಮ್ಯಾಟಿನ ಕೆಳಗೆ ಬಿಸಿ ಇಳಿಯದಂತೆ ತಡೆಯುವ ಇನ್ಸುಲೇಶನ್ ಬೋರ್ಡೂ ಇಲ್ಲ, ಬರೀ ಕಾಂಕ್ರೀಟ್. ಬಿಸಿಯೆಲ್ಲ ಕೆಳಗಿನ ಒದ್ದೆ ಮಣ್ಣಿಗೆ ಇಳಿಯುತ್ತಿತ್ತು. ಬಿಲ್ಲಿನಲ್ಲಿ ಬೋರ್ಡಿಗೂ ದುಡ್ಡು ಹಿಡಿದಿದ್ದಾರೆ! ಫೋಟೊ ಕಳಿಸಿದೆ. ಉತ್ತರ: "ಟೈಲ್ಸ್ ನೀವೇ ಒಡೆಸಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಅಲ್ಲ." ಅದಾದ ಮೇಲೆ ಫೋನ್ ಎತ್ತುತ್ತಿಲ್ಲ.

ಹಾಕಿಸುವುದಾದರೆ ಆ ದಿನ ಮನೆ ಬಿಟ್ಟು ಹೋಗಬೇಡಿ. ಬೋರ್ಡ್ ಹಾಸುವುದನ್ನು ಕಣ್ಣಾರೆ ನೋಡಿ, ಟೈಲ್ಸ್ ಮುಚ್ಚುವ ಮೊದಲು ಕೇಬಲ್ಲಿನ ಫೋಟೊ ತೆಗೆದಿಡಿ. ಮೂರು ಸಲವೂ ಮೀಟರ್ ನಿಮ್ಮ ಎದುರಲ್ಲೇ ಹಿಡಿಸಿ. ನಮ್ಮ 450 ವ್ಯಾಟಿನ ಮ್ಯಾಟ್ 230 ವೋಲ್ಟಿನ ಲೆಕ್ಕದಲ್ಲಿ ಸುಮಾರು 118 ಓಮ್ ತೋರಿಸಬೇಕು, ನಿಮ್ಮದರ ಲೆಕ್ಕ ಪೆಟ್ಟಿಗೆ ಮೇಲೆ ಇರುತ್ತದೆ. ಖಾನೆ ಖಾಲಿ ಇದ್ದರೆ ಸಹಿ ಹಾಕಬೇಡಿ, ದುಡ್ಡೂ ಕೊಡಬೇಡಿ. ಬೈಪಾಸ್ ಅಂತ ಬಾಯಿ ಬಿಟ್ಟವರನ್ನು ಅಂಗಳದಿಂದಲೇ ಕಳಿಸಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಬಿಲ್ಲು, ಖಾಲಿ ಕಾರ್ಡು, ತೂತಾದ ಕೇಬಲ್ಲಿನ ಫೋಟೊ, ಬೈಪಾಸ್ ಮಾಡಿಸಿ ಅಂದ ಮೆಸೇಜು, ಎಲ್ಲ ಇಟ್ಟುಕೊಂಡಿದ್ದೇನೆ. ಆ ಲೈನ್ ಕಿತ್ತು ಹಾಕಿಸಿದ್ದಾಯಿತು. ಅಮ್ಮ ಮತ್ತೆ ಕೊಡೆ ಹಿಡಿದು ಹಿತ್ತಲಿಗೇ ಹೋಗುತ್ತಿದ್ದಾರೆ.